40 ವ್ಯಾಟ್ ಆಂಪ್‌ಗೆ 100 ವ್ಯಾಟ್ ಸ್ಪೀಕರ್ ಹಾಕ್ಬೋದಾ, ಸುಟ್ಟೋಗುತ್ತಾ?

ಕಲ್ಪತರು_ನಾಡು:

ನಮಸ್ಕಾರ ಎಲ್ರಿಗೂ. ಸೌಂಡ್ ವಿಷ್ಯ ಗೊತ್ತಿರೋರು ಸ್ವಲ್ಪ ಹೇಳಿ, ಇಲ್ಲಿ ಒಬ್ಬೊಬ್ರು ಒಂದೊಂದು ಹೇಳಿ ತಲೆ ಕೆಟ್ಟು ಗೊಬ್ಬರ ಆಗಿದೆ.

ಫ್ರೆಂಡ್ ಒಬ್ಬ ಕೆನಡಾಗೆ ಹೋಗೋವಾಗ ಅವನ ಬುಕ್‌ಶೆಲ್ಫ್ ಸ್ಪೀಕರ್ ಜೋಡಿನ ಕಮ್ಮಿ ರೇಟಿಗೆ ಕೊಟ್ಟು ಹೋದ. ಹಿಂದ್ಗಡೆ ಸ್ಟಿಕ್ಕರ್ ಮೇಲೆ 8 ಓಮ್, ಸೆನ್ಸಿಟಿವಿಟಿ 87 ಡಿಬಿ, ರೆಕಮೆಂಡೆಡ್ ಆಂಪ್ 25–100 ವ್ಯಾಟ್ ಅಂತಿದೆ. 5 ಇಂಚಿನ ವೂಫರ್ (ಬೇಸ್ ನುಡಿಸೋದು), ಬಟ್ಟೆ ಡೋಮ್ ಟ್ವೀಟರ್ (ಟ್ರೆಬಲ್ ನುಡಿಸೋದು). ರೂಮು 12×14 ಅಡಿ, ಗೋಡೆ ಆಚೆ ಓನರ್ ಮನೆ, ಸೋ ಡಿಜೆ ಲೆವೆಲ್ ಏನೂ ಬೇಡ ನಂಗೆ.

ಆಂಪ್‌ಗೆ ಮೂರು ದಾರಿ ಇದೆ. ಒಂದು, ಚಿಕ್ಕಪ್ಪನ ಮನೆ ಅಟ್ಟದ ಮೇಲಿರೋ ಹಳೇ ಸ್ಟೀರಿಯೋ ಆಂಪ್, 8 ಓಮ್‌ಗೆ 40+40 ವ್ಯಾಟ್ ಅಂತ ಬರ್ದಿದೆ, ಸುಮಾರು ವರ್ಷದಿಂದ ಆನ್ ಮಾಡಿಲ್ಲ. ಎರಡು, ಆನ್‌ಲೈನಲ್ಲಿ ಸಿಗೋ ಅಂಗೈ ಅಗಲದ ಕ್ಲಾಸ್ ಡಿ ಆಂಪ್, 300+300 ವ್ಯಾಟ್ ಅಂತೆ, ಜೊತೆಗೆ 24 ವೋಲ್ಟ್ 3 ಆಂಪಿಯರ್ ಅಡಾಪ್ಟರ್ ಕೊಡ್ತಾರೆ. ಮೂರು, ಭಾವನ ಹೋಮ್ ಥಿಯೇಟರ್ ರಿಸೀವರ್, ಚಾನೆಲ್‌ಗೆ 100 ವ್ಯಾಟ್ ಅಂತಿದೆ ಆದ್ರೆ ಅದು 6 ಓಮ್ ಲೆಕ್ಕ.

ಅಂಗಡಿಯವ್ರು ಹೇಳಿದ್ದು ಆಂಪ್ ವ್ಯಾಟ್ ಯಾವಾಗ್ಲೂ ಸ್ಪೀಕರ್‌ಗಿಂತ ಕಮ್ಮಿ ಇರ್ಬೇಕು ಇಲ್ಲಾಂದ್ರೆ ಕಾಯಿಲ್ ಸುಟ್ಟೋಗುತ್ತೆ ಅಂತ. ಆಫೀಸಲ್ಲಿ ಇನ್ನೊಬ್ಬ ಹೇಳ್ತಾನೆ ಕಮ್ಮಿ ವ್ಯಾಟ್ ಹಾಕಿದ್ರೇನೇ ಟ್ವೀಟರ್ ಹೋಗೋದು, ಡಬಲ್ ಹಾಕು ಅಂತ. ಎರಡೂ ಹೆಂಗೆ ನಿಜ ಆಗುತ್ತೆ? ಮೊದ್ಲು ಇದ್ದ ಸೆಟ್ಟಲ್ಲಿ ತಮ್ಮನ ಗೃಹಪ್ರವೇಶದ ದಿನ ಹುಡುಗ್ರು ಫುಲ್ ಇಟ್ಟು ಎರಡೂ ಟ್ವೀಟರ್ ಹೋಯ್ತು, ವೂಫರ್‌ಗೆ ಏನೂ ಆಗಿರ್ಲಿಲ್ಲ, ಅದು ಯಾಕೆ ಅಂತ್ಲೂ ಗೊತ್ತಾಗ್ಲಿಲ್ಲ. ಆ ಸೆಟ್ಟಿನ ಆಂಪೂ ಬರೀ 20 ವ್ಯಾಟ್‌ದು.


ಎಸ್‌ಪಿ_ರೋಡ್_ಅಲೆಮಾರಿ:

ಮೊದ್ಲು ಆ 300+300 ಕಥೆ ಮುಗಿಸ್ಬಿಡೋಣ. 24 ವೋಲ್ಟ್ 3 ಆಂಪಿಯರ್ ಅಂದ್ರೆ 72 ವ್ಯಾಟ್. ಒಳಗೆ ಹೋಗೋದೇ 72, ಅಲ್ಲಿಂದ 600 ಹೊರಗೆ ಬರೋಕೆ ಅದೇನು ಅಕ್ಷಯ ಪಾತ್ರೆನಾ? 24 ವೋಲ್ಟಲ್ಲಿ 8 ಓಮ್ ಸ್ಪೀಕರ್‌ಗೆ ಜಾಸ್ತಿ ಅಂದ್ರೆ ಚಾನೆಲ್‌ಗೆ 36 ವ್ಯಾಟ್, ಅದೂ ಪೇಪರ್ ಮೇಲೆ, 24ನ 24ರಿಂದ ಗುಣಿಸಿ 16ರಿಂದ ಭಾಗಿಸಿ ನೋಡಿ. ನಿಜದಲ್ಲಿ 30 ಚಿಲ್ರೆ ಬರುತ್ತೆ. ಆ ಆಂಪಲ್ಲಿ ಇರೋದು ಹೆಚ್ಚುಕಮ್ಮಿ ಟಿಪಿಎ3255 ಚಿಪ್ಪು, ಚಿಪ್ ಚೆನ್ನಾಗೇ ಇದೆ, ಅದ್ರ ಡೇಟಾಶೀಟಲ್ಲಿ 315 ವ್ಯಾಟ್ ಅಂತಾನೂ ಇದೆ, ಆದ್ರೆ ಅದು 50 ವೋಲ್ಟ್ ಮೇಲೆ ಸಪ್ಲೈ ಕೊಟ್ಟು, 4 ಓಮ್ ಹಾಕಿ, 10 ಪರ್ಸೆಂಟ್ ಡಿಸ್ಟಾರ್ಷನ್ ಬರೋವರೆಗೂ ಹಿಂಡಿದಾಗ. ಮಾರೋವ್ರು ಚಿಪ್ಪಿನ ನಂಬರ್ ತಗೊಂಡು ಡಬ್ಬದ ಮೇಲೆ ಪ್ರಿಂಟ್ ಹೊಡೀತಾರೆ ಅಷ್ಟೆ.

ಇದು ಹೊಸ ಆಟ ಅಲ್ಲ. ಟೇಪ್ ರೆಕಾರ್ಡರ್ ಕಾಲದಲ್ಲಿ ಪಿಎಂಪಿಒ ಅಂತ ಸಾವಿರಗಟ್ಲೆ ವ್ಯಾಟ್ ಸ್ಟಿಕ್ಕರ್ ಅಂಟಿಸ್ತಿದ್ರಲ್ಲ ಅದೇ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಇವತ್ತಿಗೂ 4440 ಬೋರ್ಡ್ ಕೇಳಿದ್ರೆ ನೂರು ವ್ಯಾಟ್ ಸಾರ್ ಅಂತಾನೇ ಕೊಡ್ತಾರೆ, ಆ ಎಲ್‌ಎ4440 ಐಸಿ ಡೇಟಾಶೀಟ್ ತೆಗೆದ್ರೆ ಸ್ಟೀರಿಯೋಲಿ 6+6 ವ್ಯಾಟ್, ಬ್ರಿಡ್ಜ್ ಮಾಡಿದ್ರೆ (ಎರಡೂ ಚಾನೆಲ್ ಸೇರ್ಸಿ ಒಂದೇ ಸ್ಪೀಕರ್‌ಗೆ) 19. ಅಮೆರಿಕದಲ್ಲಿ ಈ ಕಾಟ ತಡೀಲಾರ್ದೆ 1974ರಲ್ಲೇ ಎಫ್‌ಟಿಸಿಯವ್ರು (ಅಲ್ಲಿನ ವ್ಯಾಪಾರ ನಿಯಂತ್ರಣ ಸಂಸ್ಥೆ) ಆಂಪ್ ವ್ಯಾಟ್ ಹೆಂಗೆ ಅಳೆದು ಹೆಂಗೆ ಬರೀಬೇಕು ಅಂತ ರೂಲ್ ಮಾಡಿದ್ರು. ಡಬ್ಬದ ಮೇಲಿನ ನಂಬರ್ ಬಿಟ್ಟು ಹಿಂದ್ಗಡೆ ಪವರ್ ಕನ್ಸಂಪ್ಷನ್ ಎಷ್ಟು ಅಂತ ಬರ್ದಿರ್ತಾರೆ ನೋಡಿ, ಅದು 60 ವ್ಯಾಟ್ ಅಂತಿದ್ರೆ ಮುಂದೆ 5000 ಅಂತ ಇದ್ರೂ ನಗಾಡ್ಕೊಂಡು ಸುಮ್ನಾಗಿ.

ಭಾವನ ರಿಸೀವರ್‌ಗೂ ಇದೇ ಕಣ್ಣಲ್ಲಿ ನೋಡಿ. 6 ಓಮ್, 1 ಕಿಲೋಹರ್ಟ್ಸ್, ಒಂದೇ ಚಾನೆಲ್ ಓಡ್ಸಿದಾಗ ಅಂತ ಸಣ್ಣ ಅಕ್ಷರದಲ್ಲಿ ಬರ್ದಿರ್ತಾರೆ. ಮ್ಯಾನ್ಯುಯಲ್ ಕೊನೇ ಪೇಜಲ್ಲಿ 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, 8 ಓಮ್, ಎರಡು ಚಾನೆಲ್ ಅಂತ ಇನ್ನೊಂದು ಸಾಲು ಇದ್ರೆ ಆ ನಂಬರ್ ಮಾತ್ರ ನಂಬಿ, ಅದು ಬಹಳ ಕಮ್ಮಿ ಇರುತ್ತೆ.

ನನ್ ಪ್ರಕಾರ ಚಿಕ್ಕಪ್ಪನ 40+40 ನಿಮ್ ರೂಮಿಗೆ ಸಾಕೋ ಸಾಕು. ಹಳೇ ಕಾಲದ 40 ವ್ಯಾಟ್ ಅಂದ್ರೆ ನಿಜವಾದ 40 ವ್ಯಾಟ್, ಎತ್ತಿದ್ರೆ ಟ್ರಾನ್ಸ್‌ಫಾರ್ಮರ್ ತೂಕದಲ್ಲೇ ಗೊತ್ತಾಗುತ್ತೆ.


ಹುಬ್ಬಳ್ಳಿ_ಮಂದಿ:

ಅಣ್ಣಾರ, 40 ವ್ಯಾಟ್ ಸಾಕು ಅಂತ ಹೆಂಗ ಹೇಳ್ತೀರಿ? ಸ್ಪೀಕರ್ 100 ವ್ಯಾಟಿಂದು ಐತಿ. ನಾವು ಮದಿವಿ ಮುಂಜಿವಿಗೆ ಸೌಂಡ್ ಹಚ್ಚೋ ಮಂದಿ, ನಮ್ಮ ಕಡೆ ಲೆಕ್ಕ ಏನಂದ್ರ ಸ್ಪೀಕರ್ ಆರ್‌ಎಂಎಸ್ (ನಿರಂತರ ತಡಕೊಳ್ಳೋ ವ್ಯಾಟ್) ಎಷ್ಟ ಐತೋ ಅದರ ಒಂದೂವರಿಯಿಂದ ಎರಡ ಪಟ್ಟ ಆಂಪ್ ಇರಬೇಕು. ಸಣ್ಣ ಆಂಪ್ ಹಚ್ಚಿದ್ರ ಅದು ಕ್ಲಿಪ್ ಆಗತೈತಿ (ತಾಕತ್ತ ಮುಗದು ಅಲೆಯ ತಲಿ ಕತ್ತರಿಸತೈತಿ), ಕ್ಲಿಪ್ ಆತು ಅಂದ್ರ ಡಿಸಿ (ಒಂದ ದಿಕ್ಕಿಗೆ ಹರಿಯೋ ಕರೆಂಟ್) ಹೊಕ್ಕೊಂಡು ಟ್ವೀಟರ್ ಸುಟ್ಟ ಹೋಗತೈತಿ. ದೊಡ್ಡ ಆಂಪಿಂದ ಸತ್ತಿದ್ದಕ್ಕಿಂತ ಸಣ್ಣ ಆಂಪಿಂದ ಸತ್ತ ಟ್ವೀಟರ್ ಜಾಸ್ತಿ ನೋಡೇನ್ರಿ ನಾ. ಇವರ ಗೃಹಪ್ರವೇಶದಾಗ ಆಗಿದ್ದೂ ಅದ. 20 ವ್ಯಾಟ್ ಆಂಪ್, ಹುಡುಗೂರ ಕೈಯಾಗ ವಾಲ್ಯೂಮ್, ಮುಗೀತು.


ಬೆಸುಗೆ_ಹೊಗೆ:

ರಿಪೇರಿ ಬೆಂಚ್ ಕಡೆಯಿಂದ ಒಂದಿಷ್ಟು ಹೇಳ್ತೀನಿ, ಉದ್ದ ಆಗುತ್ತೆ, ಕ್ಷಮಿಸಿ.

ಹುಬ್ಬಳ್ಳಿಯವ್ರು ಹೇಳಿದ್ದು ಕಣ್ಣಲ್ಲಿ ಕಂಡ ವಿಷ್ಯ, ಅದು ಸರಿ, ಸಣ್ಣ ಆಂಪಿಂದ ಟ್ವೀಟರ್ ಹೋಗೋದು ನಿಜ. ಆದ್ರೆ ಕಾರಣ ಡಿಸಿ ಅಲ್ಲ. ಟ್ವೀಟರ್ ಮುಂದೆ ಕ್ರಾಸೋವರಲ್ಲಿ (ಬೇಸು ಟ್ರೆಬಲ್ ಬೇರೆ ಮಾಡೋ ಸರ್ಕ್ಯೂಟ್) ಕೆಪಾಸಿಟರ್ ಕೂತಿರುತ್ತೆ, ಅಗ್ಗದ ಸ್ಪೀಕರಲ್ಲೂ ಕೂಡ 3.3 ಇಲ್ಲ 4.7 ಮೈಕ್ರೋಫ್ಯಾರಡ್ ನಾನ್‌ಪೋಲಾರ್ ಒಂದಾದ್ರೂ ಹಾಕಿರ್ತಾರೆ, ಡಿಸಿ ಅದನ್ನ ದಾಟಿ ಹೋಗಲ್ಲ. ಡಿಸಿ ಬಂದ್ರೆ ಸಾಯೋದು ವೂಫರ್, ಅದಕ್ಕೆ ಆಮೇಲೆ ಬರ್ತೀನಿ.

ಟ್ವೀಟರ್‌ಗೆ ಆಗೋದು ಏನು ಅಂದ್ರೆ, ಹಾಡಲ್ಲಿ ಶಕ್ತಿ ಎಲ್ಲಾ ಇರೋದು ಕೆಳಗೆ, ಡ್ರಮ್ಮು ಬೇಸು ಇಂಥದ್ರಲ್ಲಿ, ಮೇಲಿನ ಟಿಸ್ ಟಿಸ್ ಭಾಗಕ್ಕೆ ಬಹಳ ಕಮ್ಮಿ. ಅದಕ್ಕೇ 100 ವ್ಯಾಟ್ ಅಂತ ಬರ್ದಿರೋ ಸ್ಪೀಕರ್ ಒಳಗೆ ಕೂತಿರೋ ಟ್ವೀಟರ್ ತಾನಾಗೇ ನಿರಂತರವಾಗಿ ತಡ್ಕೊಳೋದು ಬರೀ 5–10 ವ್ಯಾಟ್ ಇರುತ್ತೆ, ಆ 100 ಅನ್ನೋದು ಇಡೀ ಡಬ್ಬಕ್ಕೆ, ಮಾಮೂಲಿ ಹಾಡು ಹಾಕಿದ್ರೆ ಅನ್ನೋ ಷರತ್ತಿನ ಮೇಲೆ. ಈಗ 20 ವ್ಯಾಟ್ ಆಂಪಲ್ಲಿ ಬೇಸ್ ಏಟು ಬಿದ್ದಾಗ ಪೂರ್ತಿ 20 ಖರ್ಚಾಗ್ತಿದೆ, ಟ್ವೀಟರ್‌ಗೆ ಅರ್ಧವೋ ಒಂದೋ ವ್ಯಾಟ್ ಹೋಗ್ತಿದೆ ಅನ್ಕೊಳಿ. ಅಲ್ಲಿಂದ ಹುಡುಗ್ರು ಇನ್ನೂ 10 ಡೆಸಿಬಲ್ ತಿರುಗಿಸ್ತಾರೆ. ಬೇಸ್ ಮೇಲೆ ಹೋಗೋಕೆ ಜಾಗ ಇಲ್ಲ, ಆಂಪ್ ಕೈಲಿರೋ ವೋಲ್ಟೇಜ್ ಮುಗಿದಿದೆ, ತಲೆ ಕತ್ತರಿಸ್ದಂಗೆ ಚಪ್ಪಟೆ ಆಗುತ್ತೆ. ಆದ್ರೆ ಟ್ರೆಬಲ್‌ಗೆ ಜಾಗ ಇದ್ಯಲ್ಲ, ಅದು ಹತ್ತು ಪಟ್ಟು ಏರುತ್ತೆ, ಒಂದು ವ್ಯಾಟ್ ಇದ್ದಿದ್ದು 10 ವ್ಯಾಟ್ ಆಯ್ತು. ಅದ್ರ ಮೇಲೆ ಚಪ್ಪಟೆ ಆದ ಅಲೆಯಿಂದ ಹುಟ್ಟೋ ಹಾರ್ಮೋನಿಕ್ಸ್ (ಮೇಲಿನ ಫ್ರೀಕ್ವೆನ್ಸಿಗಳು) ಬೇರೆ ಟ್ವೀಟರ್ ಕಡೆಗೇ ಹೋಗುತ್ತೆ. ಜೊತೆಗೆ ಒಟ್ಟಾರೆ ಪವರ್ ಕೂಡ ಜಾಸ್ತಿ, ಪೂರ್ತಿ ಚೌಕ ಆಗೋಷ್ಟು ಕ್ಲಿಪ್ ಆದ್ರೆ 20 ವ್ಯಾಟ್ ಆಂಪ್ 40ರ ತನಕ ಕೊಡುತ್ತೆ. ಟ್ವೀಟರ್ ಕಾಯಿಲ್ ತಂತಿ ತಲೆಕೂದಲಿನ ಥರ, ಅದು ಎಷ್ಟು ಹೊತ್ತು ತಡ್ಕೊಳುತ್ತೆ.

ದೊಡ್ಡ ಆಂಪ್ ಯಾಕೆ ಬಚಾವ್ ಮಾಡುತ್ತೆ ಅನ್ಸುತ್ತೆ ಅಂದ್ರೆ, ಅದೇ ಥರ ತಿರುಗಿಸಿದ್ರೆ ಅಲ್ಲಿ ಬೇಸೂ ಜೊತೆಗೇ ಏರುತ್ತೆ, 5 ಇಂಚಿನ ವೂಫರ್ ಟಪ ಟಪ ಅಂತ ಹೊಡ್ಕೊಳೋಕೆ ಶುರು ಮಾಡುತ್ತೆ, ಮನೇಲಿ ಯಾರಾದ್ರೂ ಬಯ್ದು ಕಮ್ಮಿ ಮಾಡ್ತಾರೆ. ಸಣ್ಣ ಆಂಪಲ್ಲಿ ಸೌಂಡು ಒರಟಾಗುತ್ತೆ ಅಷ್ಟೆ, ಗಲಾಟೆ ಮಧ್ಯೆ ಯಾರಿಗೂ ಗೊತ್ತಾಗಲ್ಲ, ಟ್ವೀಟರ್ ಹೋಗಿದ್ದು ಮಾರನೇ ದಿನ ಗೊತ್ತಾಗುತ್ತೆ. ಹಂಗಾಗಿ ಅಂಗಡಿಯವ್ರದ್ದೂ ಅರ್ಧ ನಿಜ, ನಿಮ್ಮ ಆಫೀಸ್ ಫ್ರೆಂಡ್‌ದೂ ಅರ್ಧ ನಿಜ. 20 ವ್ಯಾಟ್ ಆಂಪ್‌ಗೆ 200 ವ್ಯಾಟ್ ಸ್ಪೀಕರ್ ಹಾಕಿ ಮೆಲ್ಲಗೆ ಕೇಳಿ, ಇಪ್ಪತ್ತು ವರ್ಷ ಆದ್ರೂ ಏನೂ ಆಗಲ್ಲ. 200 ವ್ಯಾಟ್ ಆಂಪ್‌ಗೆ 50 ವ್ಯಾಟ್ ಸ್ಪೀಕರ್ ಹಾಕಿ ಮೆಲ್ಲಗೆ ಕೇಳಿದ್ರೂ ಅಷ್ಟೇ. ಸ್ಪೀಕರ್ ತನಗೆ ಎಷ್ಟು ಬೇಕೋ ಅಷ್ಟೇ ಎಳ್ಕೊಳುತ್ತೆ ಅಂತ ಕೆಲವ್ರು ಹೇಳ್ತಾರೆ, ಅದೂ ತಪ್ಪು, ನೀವು ನಾಬ್ ಎಷ್ಟು ತಿರುಗಿಸ್ತೀರೋ ಅಷ್ಟು ವೋಲ್ಟೇಜ್ ಹೋಗುತ್ತೆ, ಅಷ್ಟನ್ನೂ ಅದು ನುಂಗ್ಲೇಬೇಕು.

ಇನ್ನು 40 ಸಾಕಾ ಅನ್ನೋದಕ್ಕೆ ಲೆಕ್ಕ. 87 ಡಿಬಿ ಅಂದ್ರೆ ಒಂದು ವ್ಯಾಟ್ ಕೊಟ್ರೆ ಒಂದು ಮೀಟರ್ ದೂರದಲ್ಲಿ 87 ಡೆಸಿಬಲ್. ನೀವು ಎರಡೂವರೆ ಮೀಟರ್ ದೂರ ಕೂತ್ರೆ 8 ಕಳೀರಿ, ಎರಡು ಸ್ಪೀಕರ್ ಇರೋದಕ್ಕೆ 3 ಸೇರ್ಸಿ, 82 ಆಯ್ತು, ಗೋಡೆಗಳಿಂದ ವಾಪಸ್ ಬರೋದು ಬೇರೆ. ಬರೀ ಒಂದೊಂದು ವ್ಯಾಟಲ್ಲಿ ಇದು! 82ರಲ್ಲಿ ಮಾತಾಡ್ಬೇಕಂದ್ರೆ ಕಿರುಚ್ಬೇಕು. 10 ವ್ಯಾಟಲ್ಲಿ 92, 40 ವ್ಯಾಟಲ್ಲಿ 98. ಈಗ ದುಡ್ಡು ಹಾಕಿ 80 ವ್ಯಾಟ್ ಆಂಪ್ ತಂದ್ರಿ ಅನ್ಕೊಳಿ, 101. ಡಬಲ್ ಪವರ್‌ಗೆ ಸಿಕ್ಕಿದ್ದು ಮೂರೇ ಡೆಸಿಬಲ್, ಕಿವಿಗೆ ಸ್ವಲ್ಪ ಜಾಸ್ತಿ ಆಯ್ತು ಅನ್ಸುತ್ತೆ ಅಷ್ಟೆ. ಕಿವಿಗೆ ಡಬಲ್ ಅನ್ಸ್ಬೇಕಂದ್ರೆ ಪವರ್ ಹತ್ತು ಪಟ್ಟು ಬೇಕು. ಓನರ್ ಮನೆ ಗೋಡೆ ಪಕ್ಕದಲ್ಲಿರೋ ನಿಮಗೆ ದಿನಾ ಓಡೋದು ಅರ್ಧ ವ್ಯಾಟಲ್ಲಿ, ಉಳಿದ ವ್ಯಾಟೆಲ್ಲಾ ಮೃದಂಗದ ಒಂದು ಏಟಿಗೆ, ತಮಟೆ ಏಟಿಗೆ ಅಂತ ಇಟ್ಕೊಂಡಿರೋ ಜಾಗ.

ಸ್ಪೀಕರ್ ಯಾಕೆ ಸುಡುತ್ತೆ ಅನ್ನೋದಕ್ಕೆ ಇನ್ನೊಂದು ನಂಬರ್. 87 ಡಿಬಿ ಸ್ಪೀಕರ್‌ಗೆ ನೀವು 100 ವ್ಯಾಟ್ ಕೊಟ್ರೆ ಶಬ್ದ ಆಗಿ ಹೊರಗೆ ಬರೋದು ಅರ್ಧ ವ್ಯಾಟೂ ಇಲ್ಲ, ಸುಮಾರು 0.3. ಮಿಕ್ಕಿದ್ದೆಲ್ಲಾ ಕಾಯಿಲಲ್ಲಿ ಬಿಸಿ. 100 ವ್ಯಾಟ್ ಬಲ್ಬ್ ಮುಟ್ಟಿದ್ದೀರಲ್ಲ, ಆ ಬಿಸಿ ಒಂದು ಇಂಚಿನ ಕಾಯಿಲ್ ಒಳಗೆ. ಮೊದ್ಲು ಅಂಟು ಬಿಡುತ್ತೆ, ಆಮೇಲೆ ಇನಾಮಲ್ ಹೋಗುತ್ತೆ, ಸುತ್ತು ಸುತ್ತು ಬಿಚ್ಕೊಂಡು ಮ್ಯಾಗ್ನೆಟ್‌ಗೆ ಉಜ್ಜುತ್ತೆ. ವೂಫರ್ ಕೋನನ್ನ ಎರಡೂ ಕೈ ಬೆರಳಿಂದ ಸಮವಾಗಿ ಮೆಲ್ಲಗೆ ಒತ್ತಿ ನೋಡಿ, ಒಳಗೆ ಕರ್ ಕರ್ ಅಂದ್ರೆ ಕಾಯಿಲ್ ಕೆಟ್ಟಿದೆ ಅಂತ. ಸೆಕೆಂಡ್ ಹ್ಯಾಂಡ್ ಅಲ್ವಾ, ನಿಮ್ಮದಕ್ಕೂ ಒಂದ್ಸಲ ಮಾಡ್ಬಿಡಿ. ಟ್ವೀಟರ್ ಡೋಮ್ ಮಾತ್ರ ಒತ್ತೋಕೆ ಹೋಗ್ಬೇಡಿ.

ಮತ್ತೆ ಬೇಸ್ ನಾಬ್. ಇದ್ರ ಬಗ್ಗೆ ಯಾರೂ ಮಾತಾಡಲ್ಲ. ಬೇಸ್ ಪೂರ್ತಿ ತಿರುಗಿಸಿದ್ರೆ ಹೆಚ್ಚುಕಮ್ಮಿ 10 ಡೆಸಿಬಲ್ ಏರುತ್ತೆ, ಅಂದ್ರೆ ಆ ಜಾಗದಲ್ಲಿ ಹತ್ತು ಪಟ್ಟು ಪವರ್. ಬೇರೆ ಹಾಡಿಗೆ 3 ವ್ಯಾಟ್ ಸಾಕಿದ್ದ ಕಡೆ 30 ಬೇಕು. 40 ವ್ಯಾಟ್ ಆಂಪ್ ಅಲ್ಲೇ ಖಾಲಿ. ಲೌಡ್‌ನೆಸ್ ಬಟನ್ ಇದ್ರೆ ಅದೂ ಇದೇ ಕೆಲ್ಸ ಮಾಡುತ್ತೆ, ರಾತ್ರಿ ಮೆಲ್ಲಗೆ ಕೇಳೋಕೆ ಮಾಡಿರೋದು ಅದು, ಜೋರಾಗಿ ಕೇಳೋವಾಗ ಆಫ್ ಮಾಡಿ. 5 ಇಂಚಿನ ವೂಫರ್ ಹಿಂದೆ ಪೋರ್ಟ್ ತೂತು ಇದ್ರೆ ಆ ಪೋರ್ಟ್ ಟ್ಯೂನ್ ಮಾಡಿರೋ ಫ್ರೀಕ್ವೆನ್ಸಿಗಿಂತ ಕೆಳಗೆ ಕೋನ್ ಹಿಡಿಯೋರಿಲ್ದೆ ಒದ್ದಾಡುತ್ತೆ, ವ್ಯಾಟ್ ಲಿಮಿಟ್ ಒಳಗಿದ್ರೂ ಹರೀಬೋದು.


ಕಲ್ಪತರು_ನಾಡು:

@ಬೆಸುಗೆ_ಹೊಗೆ ಅಬ್ಬಾ ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ಕೋನ್ ಒತ್ತಿ ನೋಡ್ದೆ, ಸದ್ದಿಲ್ಲ. ಎರಡು ಡೌಟು. ವಾಲ್ಯೂಮ್ ನಾಬ್ ಅರ್ಧ ದಾಟಬಾರ್ದು ಅಂತಾರಲ್ಲ, 12 ಗಂಟೆ ಪಾಯಿಂಟ್, ಅದು ಸೇಫ್ ಲಿಮಿಟ್ಟಾ? ಆಮೇಲೆ ಹಳೇ ಸೆಟ್ಟಿನ ಸ್ಪೀಕರ್ ಡಬ್ಬ ಎರಡು ಇದೆ, 4 ಓಮ್, ಟ್ವೀಟರ್ ಬದಲಾಯ್ಸಿದ್ರೆ ಅಡುಗೆಮನೆ ಕಡೆ ಹಾಕ್ಬೋದು ಅಂತ ಮನೆಯವ್ರ ಆಸೆ. ಚಿಕ್ಕಪ್ಪನ ಆಂಪಲ್ಲಿ ಎ, ಬಿ ಅಂತ ಎರಡು ಜೋಡಿ ಟರ್ಮಿನಲ್ ಇದೆ. ಎರಡೂ ಒಟ್ಟಿಗೆ ಓಡಿಸ್ಬೋದಾ?


ಘಟ್ಟದ_ಕೆಳಗೆ:

ಬೇಡ ಮಾರಾಯ್ರೆ, ಎರಡೂ ಒಟ್ಟಿಗೆ ಬೇಡ. ಇಲ್ಲಿ ಎಲ್ರೂ ವ್ಯಾಟ್ ವ್ಯಾಟ್ ಅಂತ ಮಾತಾಡ್ತಾ ಇದ್ದಾರೆ, ನಿಜವಾಗಿ ನೋಡ್ಬೇಕಾದ್ದು ಓಮ್, ಅಂದ್ರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ (ಇಂಪೀಡೆನ್ಸ್). ವ್ಯಾಟ್ ಹೆಚ್ಚುಕಮ್ಮಿ ಆದ್ರೆ ಕೈ ಹಿಡಿತದಲ್ಲಿ ಇಟ್ಕೊಂಡು ಸುಧಾರಿಸ್ಬಹುದು, ಓಮ್ ತಪ್ಪಿದ್ರೆ ಮೆಲ್ಲಗೆ ಇಟ್ರೂ ಆಂಪ್ ಬಿಸಿ ಆಗ್ತದೆ.

ಎ ಮತ್ತು ಬಿ ಎರಡೂ ಒತ್ತಿದ್ರೆ ಹೆಚ್ಚಿನ ಆಂಪಲ್ಲಿ ಅದು ಪ್ಯಾರಲಲ್ ಆಗುದು. 8 ಮತ್ತು 8 ಸೇರಿದ್ರೆ 4. 8 ಮತ್ತು 4 ಸೇರಿದ್ರೆ 2.7ರ ಹತ್ತಿರ. ಹಿಂದೆ ಟರ್ಮಿನಲ್ ಹತ್ರ ಸಣ್ಣ ಅಕ್ಷರದಲ್ಲಿ ಎ ಆರ್ ಬಿ 4 ಟು 16, ಎ ಪ್ಲಸ್ ಬಿ 8 ಟು 16 ಅಂತ ಎಂತದಾದ್ರೂ ಬರ್ದಿರ್ತಾರೆ ನೋಡಿ. ಎ ಪ್ಲಸ್ ಬಿ ಅಂದ್ರೆ ಎರಡು ಜೋಡಿಯೂ 8 ಓಮ್ ಅಥವಾ ಮೇಲೆ ಇರ್ಬೇಕು ಅಂತ ಅರ್ಥ. ಸ್ಪೀಕರ್ ಮೇಲೆ ಬರ್ದ 8 ಕೂಡ ಒಂದೇ ಕಡೆ ನಿಲ್ಲುದಿಲ್ಲ, ಹಾಡಿನ ಫ್ರೀಕ್ವೆನ್ಸಿಗೆ ತಕ್ಕ ಹಾಗೆ 30ಕ್ಕೂ ಹೋಗ್ತದೆ, ಐದೂವರೆಗೂ ಇಳೀತದೆ, 4 ಓಮಿಂದು ಮೂರಕ್ಕೆ ಇಳಿಯುದುಂಟು. ಮಲ್ಟಿಮೀಟರ್ ಇಟ್ರೆ 8 ಓಮ್ ಸ್ಪೀಕರ್ 6ರ ಆಸುಪಾಸು ತೋರಿಸ್ತದೆ, ಹೆದರ್ಬೇಡಿ, ಅದು ಸರಿಯೇ. 4 ಓಮಿಂದು ಮೂರು ಚಿಲ್ಲರೆ ತೋರಿಸ್ತದೆ. ಒಂದು ಸಲಕ್ಕೆ ಎ ಅಥವಾ ಬಿ, ಹಾಗೆ ಬೇಕಾದ್ರೆ ಹಾಕಿ.

ಭಾವನ ರಿಸೀವರಲ್ಲಿ ಮೆನು ಒಳಗೆ ಇಂಪೀಡೆನ್ಸ್ ಸೆಟ್ಟಿಂಗ್ ಒಂದು ಉಂಟಲ್ಲ, 4 ಓಮ್ ಅಂತ ಹಾಕಿದ್ರೆ ಸ್ಪೀಕರಿಗೆ ಒಳ್ಳೇದು ಅಂತ ಜನ ಅದನ್ನು ಬದಲಾಯಿಸ್ತಾರೆ. ಅದು ಮಾಡುದು ಇಷ್ಟೇ, ಒಳಗಿನ ವೋಲ್ಟೇಜ್ ಇಳಿಸಿ ಆಂಪ್ ಬಿಸಿ ಆಗದ ಹಾಗೆ ನೋಡ್ಕೊಳ್ಳುದು. ವೋಲ್ಟೇಜ್ ಇಳಿದ್ರೆ ಕ್ಲಿಪ್ ಬೇಗ ಬರ್ತದೆ. ನಿಮ್ಮ 8 ಓಮ್ ಸ್ಪೀಕರಿಗೆ 8ರಲ್ಲೇ ಬಿಡಿ.

ವಾಲ್ಯೂಮ್ 12 ಗಂಟೆ ಅನ್ನುದಕ್ಕೆ ಅರ್ಥವೇ ಇಲ್ಲ. ನಾಬ್ ಹೇಳುದು ಬಂದ ಸಿಗ್ನಲನ್ನು ಎಷ್ಟು ಬಿಡ್ಬೇಕು ಅಂತ ಮಾತ್ರ, ಎಷ್ಟು ವ್ಯಾಟ್ ಹೋಗ್ತಾ ಉಂಟು ಅಂತ ಅಲ್ಲ. ಸಿಡಿ ಪ್ಲೇಯರಿಂದ 2 ವೋಲ್ಟ್ ಬರ್ತದೆ, ಹಳೇ ಆಂಪಿಗೆ ಅದರ ಹತ್ತರಲ್ಲಿ ಒಂದು ಭಾಗ ಕೊಟ್ರೂ ಫುಲ್ ಪವರ್ ಸಿಗ್ತದೆ, 10 ಗಂಟೆಗೇ ಕ್ಲಿಪ್ ಆಗ್ಬಹುದು. ಅದೇ ಮೊಬೈಲ್ ಹೆಡ್‌ಫೋನ್ ಸಾಕೆಟಿಂದ ಮೆಲ್ಲಗೆ ಕೊಟ್ರೆ 2 ಗಂಟೆಗೆ ಇಟ್ರೂ ಎಂತ ಆಗುದಿಲ್ಲ. ಕಿವಿ ನಂಬಿ. ಹಾಡಿನ ದನಿ ಒರಟಾಯ್ತು, ಸ ಶ ಅಕ್ಷರ ಚುಚ್ಚಲಿಕ್ಕೆ ಶುರು ಆಯ್ತು, ಬೇಸ್ ಗಟ್ಟಿ ಇದ್ದದ್ದು ಮೆತ್ತಗಾಯ್ತು ಅಂದ್ರೆ ಇಳಿಸಿ.


ಹುಬ್ಬಳ್ಳಿ_ಮಂದಿ:

@ಬೆಸುಗೆ_ಹೊಗೆ ಡಿಸಿ ಮಾತು ಒಪ್ಪಿದೆ, ಕೆಪಾಸಿಟರ್ ಇರತೈತಿ ಖರೆ. ಆದ್ರ ಡಬಲ್ ಪವರ್ ಲೆಕ್ಕ ನಾ ಬಿಡಂಗಿಲ್ಲ ನೋಡ್ರಿ. ಸ್ಪೀಕರ್ ಕಂಪನಿಯವ್ರು ಸುಮ್ನ ಬರದಿರೂದಿಲ್ಲ, ಐಇಸಿ 60268-5 ಅಂತ ಸ್ಟ್ಯಾಂಡರ್ಡ್ ಐತಿ, ಅದರಾಗ 100 ತಾಸು ನಾಯ್ಸ್ ಹಾಕಿ ಟೆಸ್ಟ್ ಮಾಡ್ತಾರ. ಆ ನಾಯ್ಸಿನ ಪೀಕ್ ಸರಾಸರಿಗಿಂತ 6 ಡೆಸಿಬಲ್ ಮ್ಯಾಲ, ಅಂದ್ರ 100 ವ್ಯಾಟ್ ಸ್ಪೀಕರ್ ಪೀಕಿಗೆ 400 ನುಂಗಿ ಬದುಕಿರತೈತಿ. ಅಷ್ಟು ತಾಕತ್ತಿದ್ದ ಮ್ಯಾಲ 200 ವ್ಯಾಟ್ ಆಂಪ್ ಹಚ್ಚಾಕ ಏನ ಅಡ್ಡಿ?


ಬೆಸುಗೆ_ಹೊಗೆ:

@ಹುಬ್ಬಳ್ಳಿ_ಮಂದಿ ನಿಮ್ಮ ಕೆಲಸಕ್ಕೆ ಆ ಲೆಕ್ಕ ಸರೀನೇ ಸಾರ್. ಪಿಎ (ಸಭೆ ಸಮಾರಂಭದ) ಸ್ಪೀಕರ್‌ಗೆ 100 ತಾಸಿನ ಟೆಸ್ಟ್ ಮಾಡಿರ್ತಾರೆ, ಕಾಯಿಲೇ ಮೂರ್ನಾಲ್ಕು ಇಂಚಿರುತ್ತೆ, ಮಿಕ್ಸರ್ ಹತ್ರ ಒಬ್ರು ಕ್ಲಿಪ್ ಲೈಟ್ ನೋಡ್ಕೊಂಡು ನಿಂತಿರ್ತಾರೆ, ಲಿಮಿಟರ್ ಇರುತ್ತೆ. ಮನೆ ಸ್ಪೀಕರ್ ಹಿಂದೆ ಬರ್ದಿರೋ 25–100 ಅನ್ನೋದು ಆ ಥರದ ರೇಟಿಂಗ್ ಅಲ್ಲ. ಅಲ್ಲಿ ಇರೋದು ಇಷ್ಟರಿಂದ ಇಷ್ಟರವರೆಗಿನ ಆಂಪ್ ಹಾಕಿ ಬುದ್ಧಿ ಇಟ್ಕೊಂಡು ಕೇಳಿ ಅನ್ನೋ ಸಲಹೆ, ಸ್ಪೀಕರ್ 100 ವ್ಯಾಟ್ ದಿನವಿಡೀ ತಿಂದು ಜೀರ್ಣಿಸ್ಕೊಳುತ್ತೆ ಅಂತಲ್ಲ. ಹಾಲಲ್ಲಿ ಕೂತು ನ್ಯೂಸ್ ನೋಡೋರಿಗೆ 200 ವ್ಯಾಟ್ ಆಂಪ್ ಕೊಡಿಸಿ ಏನು ಮಾಡ್ಲಿ, ಒಂದು ದಿನ ಮಗು ರಿಮೋಟ್ ಮೇಲೆ ಕೂತ್ರೆ ವೂಫರ್ ಹೋಗುತ್ತೆ.

ಡಿಸಿ ವಿಷ್ಯ ಹೇಳ್ತೀನಿ ಅಂದಿದ್ದೆ. ಹಳೇ ಆಂಪ್ ಆಗ್ಲಿ, 5200–1943 ಟ್ರಾನ್ಸಿಸ್ಟರ್ ಹಾಕಿರೋ ಲೋಕಲ್ ಬೋರ್ಡ್ ಆಗ್ಲಿ, ಔಟ್‌ಪುಟ್ ಟ್ರಾನ್ಸಿಸ್ಟರ್ ಒಂದು ಶಾರ್ಟ್ ಆದ್ರೆ ಸಪ್ಲೈ ವೋಲ್ಟೇಜ್ 30–40 ವೋಲ್ಟ್ ನೇರ ವೂಫರ್ ಕಾಯಿಲ್‌ಗೆ. 35 ವೋಲ್ಟ್ 6 ಓಮ್ ಮೇಲೆ ಅಂದ್ರೆ 200 ವ್ಯಾಟ್, ನಿಲ್ದೆ. ಕೋನ್ ಒಂದು ಕಡೆ ಎಳ್ಕೊಂಡು ನಿಂತ್ಬಿಡುತ್ತೆ, ಹುಂ ಅಂತ ಸದ್ದು, ವಾರ್ನಿಶ್ ಸುಟ್ಟ ವಾಸ್ನೆ, ಮುಗೀತು. ಇದಕ್ಕೆ ವಾಲ್ಯೂಮ್ ಎಷ್ಟಿತ್ತು ಅನ್ನೋದು ಲೆಕ್ಕಕ್ಕೇ ಇಲ್ಲ, ಸೊನ್ನೆಲಿದ್ರೂ ಸುಡುತ್ತೆ. ಒಳ್ಳೆ ಆಂಪಲ್ಲಿ ಇದಕ್ಕೇ ಪ್ರೊಟೆಕ್ಷನ್ ರಿಲೇ ಇರುತ್ತೆ, ಆನ್ ಮಾಡಿದ ಎರಡು ಮೂರು ಸೆಕೆಂಡಿಗೆ ಟಕ್ ಅನ್ನುತ್ತಲ್ಲ ಅದು. ಬೋರ್ಡ್ ತಂದು ತಾವೇ ಜೋಡ್ಸೋರು ಯುಪಿಸಿ1237 ಐಸಿ ಇರೋ ಪ್ರೊಟೆಕ್ಷನ್ ಬೋರ್ಡ್ ಒಂದು ಹಾಕ್ಲೇಬೇಕು, ಸ್ಪೀಕರ್ ರೇಟಿಗೆ ಹೋಲಿಸಿದ್ರೆ ಅದು ಪುಡಿಗಾಸು.

ಕಲ್ಪತರು ಅವ್ರೇ, ಅಟ್ಟದ ಆಂಪನ್ನ ಇಳ್ಸಿ ನೇರ ಸ್ಪೀಕರ್ ಹಚ್ಬೇಡಿ. ಮೊದ್ಲು ಧೂಳು ಹೊಡ್ಸಿ. ಸ್ಪೀಕರ್ ಇಲ್ದೆ, ವಾಲ್ಯೂಮ್ ಸೊನ್ನೆ ಇಟ್ಟು ಆನ್ ಮಾಡಿ, ವಾಸ್ನೆ ಹೊಗೆ ಏನಿಲ್ಲ ಅಂದ್ರೆ ಹದಿನೈದು ನಿಮಿಷ ಬಿಡಿ. ಆಮೇಲೆ ಮಲ್ಟಿಮೀಟರ್ ಡಿಸಿ ಮಿಲಿವೋಲ್ಟಲ್ಲಿ ಇಟ್ಟು ಸ್ಪೀಕರ್ ಟರ್ಮಿನಲ್ ಕೆಂಪು ಕಪ್ಪು ಮಧ್ಯೆ ಅಳೀರಿ, ಎಡ ಬಲ ಎರಡೂ. 50 ಮಿಲಿವೋಲ್ಟ್ ಒಳಗಿದ್ರೆ ಆರಾಮು. ಮೀಟರ್ ಕಡ್ಡಿ ಎರಡೂ ಟರ್ಮಿನಲ್‌ಗೆ ಒಟ್ಟಿಗೆ ತಾಗಿ ಶಾರ್ಟ್ ಆಗ್ದಂಗೆ ನೋಡ್ಕೊಳಿ.


ಎಸ್‌ಪಿ_ರೋಡ್_ಅಲೆಮಾರಿ:

ವೈರ್ ಬಗ್ಗೆ ಒಂದ್ಮಾತು. ಸ್ಪೀಕರ್ ವೈರ್ ಅಂತ ದುಬಾರಿದೇನೂ ಬೇಡ, ತಾಮ್ರದ್ದು 1.5 ಸ್ಕ್ವೇರ್ ಎಂಎಂ ಸಾಕು, ಆದ್ರೆ ತುದಿ ಸುಲಿದಾಗ ಒಂದು ಎಳೆ ಆಚೆ ಉಳ್ಕೊಂಡು ಪಕ್ಕದ ಟರ್ಮಿನಲ್‌ಗೆ ತಾಗಿದ್ರೆ ಆಂಪ್ ಔಟ್‌ಪುಟ್ ಹೋಗುತ್ತೆ, ಎಷ್ಟೋ ಆಂಪ್ ಸಾಯೋದು ಈ ಒಂದು ಎಳೆಯಿಂದ. ಎಳೆಗಳನ್ನ ಬಿಗಿಯಾಗಿ ಹೊಸೆದು ಹಾಕಿ, ಬನಾನಾ ಪ್ಲಗ್ ಹಾಕಿದ್ರೆ ಇನ್ನೂ ನೆಮ್ಮದಿ. ಕರೆಂಟ್ ಹೋಗಿ ಬಂದು ಮಾಡೋ ಕಡೆ ಆಂಪ್ ಸ್ವಿಚ್ ಆನಲ್ಲೇ ಬಿಟ್ಟು ಎದ್ದು ಹೋಗ್ಬೇಡಿ, ಹಳೇ ಆಂಪಲ್ಲಿ ರಿಲೇ ಇಲ್ದಿದ್ರೆ ಬರೋವಾಗ ದಪ್ ಅಂತ ಒದೆಯುತ್ತೆ. ಆನ್ ಮಾಡೋವಾಗ ಆಂಪ್ ಕೊನೇಗೆ, ಆಫ್ ಮಾಡೋವಾಗ ಆಂಪ್ ಮೊದ್ಲು.


ಕಲ್ಪತರು_ನಾಡು:

ಆಂಪ್ ಇಳ್ಸಿ ಅಳೆದೆ. ಎಡಗಡೆ 14 ಮಿಲಿವೋಲ್ಟ್. ಬಲಗಡೆ 380, ಬಿಸಿ ಆಗ್ತಾ ಆಗ್ತಾ 410ಕ್ಕೆ ಹೋಯ್ತು. ಟಕ್ ಅಂತ ರಿಲೇ ಸದ್ದು ಬರ್ಲಿಲ್ಲ. ಬಲಗಡೆದು ಫ್ಯೂಸ್ ಹಾಕಿ ಓಡಿಸ್ಬೋದಾ? ಸ್ಪೀಕರ್ ವೈರಲ್ಲಿ 2 ಆಂಪಿಯರ್ ಫ್ಯೂಸ್ ಹಾಕಿದ್ರೆ ಸಾಕು ಅಂತ ಒಂದ್ಕಡೆ ಓದ್ದೆ.


ಬೆಸುಗೆ_ಹೊಗೆ:

ಬೇಡ. 380 ಮಿಲಿವೋಲ್ಟ್ ತಾನಾಗೇ ಸ್ಪೀಕರ್ ಸುಡಲ್ಲ, 6 ಓಮ್ ಕಾಯಿಲ್‌ಗೆ ಅದು ಲೆಕ್ಕಕ್ಕಿಲ್ದಷ್ಟು ಪವರ್, ಕೋನ್ ಕೂದಲೆಳೆಯಷ್ಟು ಜರುಗಿ ನಿಲ್ಲುತ್ತೆ. ಆದ್ರೆ ಬಿಸಿಗೆ ಏರ್ತಿದೆ ಅಂದ್ರೆ ಆ ಚಾನೆಲ್ ಸ್ಥಿರವಾಗಿಲ್ಲ, ಯಾವತ್ತು ಪೂರ್ತಿ ವಾಲುತ್ತೋ ಗೊತ್ತಿಲ್ಲ, ರಿಲೇನೂ ಇಲ್ಲ. ಫ್ಯೂಸ್ ಪೂರ್ತಿ ಶಾರ್ಟ್ ಆದಾಗ ಉರಿಯುತ್ತೆ ನಿಜ, 35 ವೋಲ್ಟ್ ಬಂದ್ರೆ ಐದಾರು ಆಂಪಿಯರ್ ಹರಿಯುತ್ತೆ, 2 ಆಂಪಿಯರ್ ಫಾಸ್ಟ್ ಫ್ಯೂಸ್ ಹೋಗುತ್ತೆ. 8 ವೋಲ್ಟ್ ಬಂದು ನಿಂತ್ರೆ? 1.3 ಆಂಪಿಯರ್, ಫ್ಯೂಸ್ ಹಂಗೇ ಕೂತಿರುತ್ತೆ, ಕಾಯಿಲ್ ಮಾತ್ರ ಮೆಲ್ಲಗೆ ಬೇಯುತ್ತೆ. ಟ್ವೀಟರ್ ಉಳ್ಸೋಕಂತೂ ಆ ಫ್ಯೂಸಿಂದ ಏನೂ ಉಪಯೋಗ ಇಲ್ಲ.

ಕೆಲ್ಸ ದೊಡ್ಡದಲ್ಲ. ಬಲ ಚಾನೆಲ್ ಇನ್‌ಪುಟ್ ಕಡೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಲೀಕ್ ಆಗಿರ್ಬೋದು, ಇಲ್ಲ ಇನ್‌ಪುಟ್ ಜೋಡಿ ಟ್ರಾನ್ಸಿಸ್ಟರಲ್ಲಿ ಒಂದು ಮಂಕಾಗಿರುತ್ತೆ, ಆಫ್‌ಸೆಟ್ ಪ್ರೀಸೆಟ್ (ಆ ಡಿಸಿನ ಸೊನ್ನೆಗೆ ತರೋ ಪುಟ್ಟ ನಾಬ್) ಇದ್ರೆ ಅದ್ರ ಟ್ರ್ಯಾಕ್ ಧೂಳು ಹಿಡಿದಿರುತ್ತೆ. ಇದಕ್ಕೆ ಬೆಂಗಳೂರಿಗೆ ಹೊತ್ಕೊಂಡು ಹೋಗ್ಬೇಕಿಲ್ಲ, ನಿಮ್ಮೂರಲ್ಲೇ ಹಳೇ ಟಿವಿ ರಿಪೇರಿ ಮಾಡ್ತಿದ್ದೋರು ಯಾರಾದ್ರೂ ಇರ್ತಾರೆ, ಎಡಗಡೆ ಸರಿ ಇರೋದ್ರಿಂದ ಅದನ್ನ ನೋಡ್ಕೊಂಡು ಒಂದೊಂದು ಪಾಯಿಂಟ್ ವೋಲ್ಟೇಜ್ ಹೋಲ್ಸಿದ್ರೆ ಸಿಕ್ಬಿಡುತ್ತೆ. ಹಂಗೇ ಪ್ರೊಟೆಕ್ಷನ್ ಬೋರ್ಡ್ ಒಂದು ಒಳಗೆ ಕೂರ್ಸೋಕೆ ಹೇಳಿ. ಅಲ್ಲಿವರೆಗೂ ಭಾವನ ರಿಸೀವರ್ ಹಚ್ಚಿ ಕೇಳ್ತಿರಿ, ಬೇಸ್ ಟ್ರೆಬಲ್ ಸೊನ್ನೆಲಿ ಇರ್ಲಿ.


ಘಟ್ಟದ_ಕೆಳಗೆ:

ರಿಸೀವರಲ್ಲಿ ಇನ್ನೊಂದು ಉಂಟು, ಮೆನುವಲ್ಲಿ ಮ್ಯಾಕ್ಸಿಮಮ್ ವಾಲ್ಯೂಮ್ ಅಂತ ಲಿಮಿಟ್ ಹಾಕ್ಲಿಕ್ಕೆ ಬರ್ತದೆ, ಮೈನಸ್ 10ಕ್ಕೋ ಎಂತಕ್ಕೋ ಕಟ್ಟಿ ಬಿಡಿ. ನೆಂಟರ ಮಕ್ಕಳು ಬಂದಾಗ ಒಳ್ಳೇದು.


ಹುಬ್ಬಳ್ಳಿ_ಮಂದಿ:

ಆ ಹಳೇ ಡಬ್ಬದ ಟ್ವೀಟರ್ ಬದಲಿ ಹಾಕೂ ಮುಂದ ಹಳೇದರ ಓಮ್ ನೋಡಿ ಅಷ್ಟ ಇರೂದ ತರ್ರಿ, 4 ಇದ್ದ ಕಡೆ 8 ಓಮಿಂದು ಹಾಕಿದ್ರ ಕೆಪಾಸಿಟರ್ ಲೆಕ್ಕ ತಪ್ಪಿ ಟ್ವೀಟರ್ ಇನ್ನೂ ಕೆಳಗಿಂದ ದುಡೀತೈತಿ, ಮತ್ತ ಹೊಕ್ಕತೈತಿ. ಕೆಪಾಸಿಟರೂ ಹೊಸಾದ ಹಾಕಿಸ್ರಿ, ನಾನ್‌ಪೋಲಾರ್ ಅಂತ ಕೇಳಿ ತಗೋರಿ.